ಮೇಲಿನ ಕೋಣೆಯ ಚಹಾ

ಪೋರ್ಟ್ ಹ್ಯಾಲೆಟ್
12 ಅಕ್ಟೋಬರ್ 1971

ಅಪ್ಪಾ,

ಗಂಟೆ ನಾಲ್ಕು ಇಪ್ಪತ್ತು. ಎಬ್ಬಿಸಿದ್ದು ಮಗು ಅಲ್ಲ, ಅದೇ ಸೋಜಿಗ. ರೂತ್ ಹುಟ್ಟಿ ಐದು ತಿಂಗಳಲ್ಲಿ ಮೊದಲ ಸಲ ಬಾಯಿ ತೆರೆದುಕೊಂಡು ಗಾಢವಾಗಿ ಮಲಗಿದ್ದಾಳೆ. ನನ್ನನ್ನು ಎಬ್ಬಿಸಿದ್ದು ಮೆಟ್ಟಿಲ ಮೇಲಿನ ಹೆಜ್ಜೆ. ಒಂದು ಕಾಲು ಇಳಿಯುತ್ತದೆ, ಇನ್ನೊಂದು ಬಂದು ಅದರ ಪಕ್ಕದಲ್ಲಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಒಂದು ಕಾಲು. ನಿದ್ದೆಗಣ್ಣಿನಲ್ಲಿ ನಾನು ರೇವನ್‌ಗಿಲ್‌ನ ನಮ್ಮ ಮನೆಯಲ್ಲೇ ಇದ್ದೇನೆ, ನೀನು ಒಲೆಗೆ ಕಲ್ಲಿದ್ದಲು ಹಾಕಲು ಇಳಿಯುತ್ತಿದ್ದೀಯ ಅಂದುಕೊಂಡೆ. ಆಮೇಲೆ ಕಿಟಕಿಯಾಚೆ ಕಡಲ ಹಕ್ಕಿಗಳು ಅರಚಿದವು. ಇಳಿಯುತ್ತಿದ್ದವನು ನಿನ್ನ ಅಳಿಯ, ಕ್ಲೈವ್.

ಅವನ ಎಡಮೊಣಕಾಲು ಊದಿಕೊಂಡಿದೆ. ಕೇಳಿದರೆ, "ಪೆಟ್ಟು ಬಿದ್ದಿದೆ ಅಷ್ಟೇ ಕಣೇ, ಓಡಿದ್ರೆ ಹೋಗುತ್ತೆ. ವಿಲ್ಫ್ ಮಾರ್ಸ್‌ಡನ್ ಮಗಳಾಗಿ ಇಷ್ಟಕ್ಕೆಲ್ಲ ಹೆದರ್ತೀಯಲ್ಲ!" ಅನ್ನುತ್ತಾನೆ. ಶನಿವಾರವಾದರೆ ಮಾತ್ರ ಅದೇ ಕಾಲಿನಲ್ಲಿ ಹುಲ್ಲೆಯ ಹಾಗೆ ಓಡುತ್ತಾನೆ. ಈ ಫುಟ್‌ಬಾಲ್ ಋತುವಿನಲ್ಲಿ ಈವರೆಗೆ ಒಂಬತ್ತು ಗೋಲು. ಮೂರನೇ ಡಿವಿಷನ್ನಿನಲ್ಲಿ ಒಂಬತ್ತು ಅಂದರೆ ಮೇಲಿನವರ ಕಣ್ಣಿಗೆ ಬೀಳುವಷ್ಟು ಎಂದು ನೀನೇ ಹೇಳಿದ್ದೆ.

ಈ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಕ್ಲಬ್ಬಿನ ಮನೆ. ಕುರ್ಚಿ ತಿರುವಿ ಹಾಕಿದರೆ ಅದರ ತಳದಲ್ಲೂ ಕ್ಲಬ್ಬಿನ ಮುದ್ರೆ. ಪಕ್ಕದ ಮನೆಯ ಪೆಂಗೆಲಿ ಅಮ್ಮನವರಿಗೆ ನಾನೇ ಹೋಗಿ ಹೆಸರು ಹೇಳಿದೆ. ಬಟ್ಟೆ ಒಣಹಾಕುತ್ತಲೇ, "ತಪ್ಪು ತಿಳ್ಕೋಬೇಡಮ್ಮ, ನಾನು ನಿಮ್ಮ ಹೆಸರು ಕಲಿಯೋದ್ರೊಳಗೆ ನಿಮ್ಮನ್ನ ಬೇರೆ ಕ್ಲಬ್ಬಿಗೆ ಮಾರಿಬಿಡ್ತಾರೆ. ಆ ಮನೇಲಿ ನೀವು ಏಳನೆಯವರು," ಅಂದರು. ನಗುತ್ತಲೇ ಅಂದರು. ನಾನೂ ನಕ್ಕೆ. ಒಳಗೆ ಬಂದು ರೂತ್‌ಳ ಜತೆ ಜೋರಾಗಿ ಮಾತಾಡಿದೆ, ಮನೆಯಲ್ಲಿ ಜನ ಇದ್ದಾರೆ ಎಂದು ಅವರಿಗೆ ಕೇಳಿಸಲಿ ಎಂದು.

ಒಂದು ಸಂತೋಷದ ಸುದ್ದಿ ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನ ಜತೆ ಆಡಿದ ಸ್ಟಾಕ್‌ಡೇಲ್ ಇಲ್ಲಿ ಮ್ಯಾನೇಜರ್ ಅಲ್ಲವೇ, ಅವರು ಪಂದ್ಯಕ್ಕೆ ಮೊದಲು ಕ್ಲೈವ್‌ನನ್ನು ಮೇಲಿನ ಕೋಣೆಗೆ ಚಹಾಕ್ಕೆ ಕರೆಯುತ್ತಾರೆ! ಎಲ್ಲರನ್ನೂ ಅಲ್ಲ, ಇವನೊಬ್ಬನನ್ನು. ಕ್ಲೈವ್ ಫೋನಿನಲ್ಲಿ ಗೋಲ್‌ಕೀಪರನಿಗೆ, "ನನಗೆ ಈ ವಾರಾನೂ ಮೇಲೆ ಚಹಾ" ಅನ್ನುತ್ತಿದ್ದ. ನನ್ನ ಹತ್ತಿರ ಹೇಳಿಕೊಳ್ಳಲು ಅವನಿಗೆ ಸಂಕೋಚ. ಸ್ಟಾಕ್‌ಡೇಲ್ ಪ್ರತಿ ಪಂದ್ಯದ ಮುಂಚೆ ಹುಡುಗರಿಗೆ ನಿನ್ನ ಕಥೆ ಹೇಳುತ್ತಾರಂತೆ: ಐವತ್ತೊಂದರ ಹಿಮ, ಎದುರು ತಂಡದ ಬಾರ್ನಿ ಕ್ರೇಗ್ ಅಡ್ಡ ಹಾರಿ ನಿನ್ನ ಮೊಣಕಾಲು ಮುರಿದದ್ದು, ನೀನು ಎದ್ದು ಅದೇ ಕಾಲಿನಿಂದ ಗೋಲು ಹೊಡೆದದ್ದು. ಮನೆಯಿಂದ ಮುನ್ನೂರು ಮೈಲಿ ದೂರದಲ್ಲಿ ನನ್ನ ಅಪ್ಪನ ಕಥೆ ಕೇಳಿ ಗಂಡಸರು ಬೂಟಿನ ದಾರ ಬಿಗಿಯುತ್ತಾರೆ. ಹೆಮ್ಮೆಯಾಗದೆ ಇರುತ್ತದೆಯೇ?

ಎಡ್ನಾ ಅತ್ತೆಯನ್ನು ಕೇಳಿದೆ ಅಂತ ಹೇಳು. ರೂತ್ ಎದ್ದಳು.

ನಿದ್ದೆಗೆಟ್ಟ ನಿನ್ನ
ಲೋರ್ನಾ


ರೇವನ್‌ಗಿಲ್
21 ಅಕ್ಟೋಬರ್ 1971

ಲೋರ್ನಾ ಮರಿ,

ಕಾಗದ ತಲುಪಿತು. ಇಲ್ಲಿ ಮಂಜು. ಈರುಳ್ಳಿ ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ. ಮೊದಲನೆಯದು ಗಡಿಯಾರದ ಅಂಗಡಿಯವನ ಪಾಲಾಯಿತು. ಅವನ ಈರುಳ್ಳಿ ಮಗುವಿನ ತಲೆಯಷ್ಟಿತ್ತು. ನಿಮ್ಮ ಎಡ್ನಾ ಅತ್ತೆ, "ನಿನ್ನ ಹೆಂಡತಿಗೆ ಇಷ್ಟು ಆರೈಕೆ ಮಾಡಿದ್ದರೆ ಆಕೆ ಇನ್ನೂ ನಾಲ್ಕು ವರ್ಷ ಇರ್ತಿದ್ದಳು" ಅಂದಳು. ಒಡಹುಟ್ಟಿದವಳು, ಅವಳ ಬಾಯಿಗೆ ಬೀಗವಿಲ್ಲ. ಊಟ ಚೆನ್ನಾಗಿ ಹಾಕುತ್ತಾಳೆ.

ಶಾಲೆಯ ಮುಂದಿನ ಕೆಲಸ ನಡೆದಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಬಿಳಿ ಕೋಟು ಹಾಕಿಕೊಂಡು ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು. ಬಿಯರ್ ಲಾರಿಯವನು ದಿನಾ ತಲೆ ಹೊರಗೆ ಹಾಕಿ, "ಏನ್ ವಿಲ್ಫಣ್ಣ, ಬೇಗ ದಾಟು, ನಿನ್ನ ಹಿಂದೆ ಬಾರ್ನಿ ಕ್ರೇಗ್ ಬರ್ತಿದಾನೆ!" ಅಂತ ಕೂಗುತ್ತಾನೆ. ಇಪ್ಪತ್ತು ವರ್ಷವಾದರೂ ಅದೇ ತಮಾಷೆ. ನಾನೂ ಕೈ ಎತ್ತುತ್ತೇನೆ.

ಒಂದು ಮಾತು. ಕ್ಲೈವ್ ಎಷ್ಟು ಸಲ ಮೇಲಿನ ಕೋಣೆಯಲ್ಲಿ ಚಹಾ ಕುಡಿದಿದ್ದಾನೆ? ಗೊತ್ತಿದ್ದರೆ ಬರಿ. ಸುಮ್ಮನೆ ಕೇಳಿದೆ.

ಮಗುವಿಗೆ ಕಿವಿ ಮುಚ್ಚುವ ಟೋಪಿ ಹಾಕು. ಕಡಲಗಾಳಿ ಒಳ್ಳೆಯದಲ್ಲ.

ಅಪ್ಪ


ಪೋರ್ಟ್ ಹ್ಯಾಲೆಟ್
3 ನವೆಂಬರ್ 1971

ಅಪ್ಪಾ,

ಆರು ಸಲ. ನಿನಗೇಕೆ ಬೇಕಾಯಿತೋ ಕಾಣೆ. ನಿಮ್ಮ ಕಾಲದಲ್ಲಿ ಮ್ಯಾನೇಜರು ನಿನ್ನನ್ನು ಚಹಾಕ್ಕೆ ಕರೆಯುತ್ತಿರಲಿಲ್ಲವೇ? ಹೊಟ್ಟೆಕಿಚ್ಚೇ?

ಹೊಟ್ಟೆಕಿಚ್ಚು ಅಂದೆನಲ್ಲ, ಒಂದು ವಿಷಯ ಹೇಳಬೇಕು. ಮನಸ್ಸಿನಲ್ಲಿ ಕೊರೆಯುತ್ತಿದೆ. ಶನಿವಾರ ರೂತ್‌ಳನ್ನು ಎತ್ತಿಕೊಂಡು ಪಂದ್ಯಕ್ಕೆ ಹೋಗಿದ್ದೆ. ಆಟಗಾರರ ಹೆಂಡತಿಯರಿಗೆ ಅಂತ ಒಂದು ಸಾಲು ಬೆಂಚು ಇದೆ. ಅಲ್ಲಿ ಹೊಸಬಳು ಕೊನೆಯಲ್ಲಿ ಕೂರಬೇಕು. ಎಲ್ಲರೂ ತಮ್ಮ ತಮ್ಮವರನ್ನು ಹೊಗಳಿಕೊಳ್ಳುತ್ತಿದ್ದರು. ನನಗೂ ಏನಾದರೂ ಹೇಳಬೇಕು ಅನ್ನಿಸಿತು.

"ನಮ್ಮ ಕ್ಲೈವ್‌ಗೆ ಇವತ್ತೂ ಮೇಲೆ ಚಹಾ ಆಯ್ತು," ಅಂದೆ.

ಗೋಲ್‌ಕೀಪರನ ಹೆಂಡತಿ ಬೆರಿಲ್ ಹೆಣೆಯುತ್ತಿದ್ದ ಉಣ್ಣೆಯನ್ನು ಮಡಿಲಿಗೆ ಇಳಿಸಿ, "ಎಷ್ಟನೇದು?" ಅಂದಳು.

"ಆರನೇದು."

"ಅಯ್ಯೋ ನಿನ್ನ! ಮದುವೆ ಊಟಕ್ಕೆ ಕರೆದ ಹಾಗೆ ಹೇಳ್ತಿದ್ದೀಯಲ್ಲೇ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ, "ಸುಮ್ನಿರೇ, ಅವಳಿಗೆ ಗೊತ್ತಿಲ್ಲ," ಅಂದರು. ನನ್ನ ಕಿವಿ ಬಿಸಿಯಾಯಿತು. ಓದಿದವಳು ಅನ್ನುವ ಕೋಪ ಇವರಿಗೆ, ನಾನು ಕಾಲೇಜಿಗೆ ಹೋದವಳು, ಟೀಚರಾಗಿದ್ದವಳು, ಅದಕ್ಕೇ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅರ್ಧ ಆಟ ಮುಗಿದಾಗ ಬೆರಿಲ್ ಬಂದು ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ಹೊಟ್ಟೆಕಿಚ್ಚಿನ ಕೈ ಹಾಗಿರುವುದಿಲ್ಲ ಅಪ್ಪಾ.

ಕ್ಲೈವ್ ಎರಡು ಗೋಲು ಹೊಡೆದ. ಭಾನುವಾರ ಹಾಸಿಗೆಯಿಂದ ಏಳಲಿಲ್ಲ.

ನೀನು ಬೇಗ ಬರಿ. ಟಪಾಲಿನವನು ಬರುವ ಹೊತ್ತಿಗೆ ನಾನು ಬಾಗಿಲ ಹಿಂದೆಯೇ ನಿಂತಿರುತ್ತೇನೆ. ಅವನಿಗೆ ಈಗ ನನ್ನನ್ನು ಕಂಡರೆ ನಗು.

ಲೋರ್ನಾ


ಪೋರ್ಟ್ ಹ್ಯಾಲೆಟ್
12 ಡಿಸೆಂಬರ್ 1971

ಅಪ್ಪಾ,

ಐದು ವಾರ. ಕಾಗದವಿಲ್ಲ. ಎಡ್ನಾ ಅತ್ತೆ ಕಳಿಸಿದ ಕ್ರಿಸ್ಮಸ್ ಕಾರ್ಡಿನಲ್ಲಿ ನಿನ್ನ ಹೆಸರನ್ನೂ ಅವಳೇ ಬರೆದಿದ್ದಾಳೆ.

ನನಗೆ ಈಗ ಗೊತ್ತಾಯಿತು.

ಬೆರಿಲ್ ಹೇಳಲಿಲ್ಲ, "ನಿನ್ನ ಗಂಡನ್ನೇ ಕೇಳು" ಅಂದಳು. ಗುರುವಾರ ಕ್ಲೈವ್ ಸ್ನಾನದ ತೊಟ್ಟಿಯಲ್ಲಿದ್ದ. ಟವೆಲ್ ಕೊಡಲು ಹೋದವಳು ಅವನ ಮೊಣಕಾಲನ್ನು ಬೆಳಕಿನಲ್ಲಿ ನೋಡಿದೆ. ಚಿಪ್ಪಿನ ಸುತ್ತ ಸಣ್ಣ ಸಣ್ಣ ಚುಕ್ಕೆ. ಕೆಲವು ಹಳದಿ, ಕೆಲವು ಹೊಸವು. ಹತ್ತು ಎಣಿಸಿ ನಿಲ್ಲಿಸಿದೆ.

"ಇದೇನಿದು?"

"ಏನಿಲ್ಲ."

"ಕ್ಲೈವ್, ನಾನು ಎರಡು ವರ್ಷ ಮೂವತ್ತು ಮಕ್ಕಳ ತರಗತಿ ನಡೆಸಿದವಳು. ಏನಿಲ್ಲ ಅನ್ನೋ ಮುಖ ನನಗೆ ಗೊತ್ತು."

ಅವನು ನೀರನ್ನೇ ನೋಡುತ್ತ ಹೇಳಿದ. "ಚಹಾ ಅಂದ್ರೆ ಚಹಾ ಅಲ್ಲ ಕಣೇ. ಡಾಕ್ಟರ್ ಬಂದು ಚುಚ್ತಾನೆ. ಎರಡು ಗಂಟೆ ಕಾಲಿರೋದೇ ಗೊತ್ತಾಗಲ್ಲ. ಎಲ್ಲರ ಮುಂದೆ ಸೂಜಿ ಅಂತ ಅಂದರೆ ಹುಡುಗರು ಹೆದರ್ತಾರೆ ಅಂತ ಹಾಗೆ ಕರೀತೀವಿ. ಸ್ಟಾಕ್‌ಡೇಲ್ ತಂದ ಮಾತು. ಅವರು ಆಡ್ತಿದ್ದಾಗ ರೇವನ್‌ಗಿಲ್‌ನಲ್ಲಿ ಹಾಗನ್ನೋರಂತೆ."

ರೇವನ್‌ಗಿಲ್‌ನಲ್ಲಿ.

ಟವೆಲ್ ನನ್ನ ಕೈಯಲ್ಲೇ ಇತ್ತು. ನಾನು ಯಾವುದನ್ನು ಹೆಮ್ಮೆಯಿಂದ ಬೆಂಚಿನ ತುಂಬ ಸಾರಿದೆ ಎಂದು ಆಗ ತಿಳಿಯಿತು, ನಾಚಿಕೆಯಾಯಿತು. ಆದರೆ ಅದು ಆಮೇಲೆ. ಮೊದಲು ನೆನಪಾದದ್ದು ನಿನ್ನ ಕಾಗದ. ಎಷ್ಟು ಸಲ, ಸುಮ್ಮನೆ ಕೇಳಿದೆ, ಅಂದಿದ್ದೆ. ಚಹಾ ಕುಡಿದದ್ದನ್ನು ಯಾರೂ ಹಾಗೆ ಕೇಳುವುದಿಲ್ಲ. ನಿನಗೆ ಆ ಮಾತು ಗೊತ್ತಿತ್ತು. ನನ್ನ ಮೊದಲ ಕಾಗದ ಓದುವಾಗಲೇ ಗೊತ್ತಾಗಿತ್ತು. ಆದರೂ ಟೋಪಿ ಹಾಕು, ಕಡಲಗಾಳಿ ಅಂತ ಬರೆದೆ.

ನೀನೂ ಆ ಕೋಣೆಗೆ ಹತ್ತಿದ್ದೆಯಾ ಅಪ್ಪಾ? ಹತ್ತಿದ್ದರೆ, ಆಮೇಲೆ ಏನಾಯಿತು? ನನ್ನ ಗಂಡನ ಕಾಲಿನ ಪ್ರಶ್ನೆ ಇದು, ನಿನ್ನದಲ್ಲ. ಹಾಗೆ ಅಂದುಕೊಂಡಾದರೂ ಉತ್ತರ ಕೊಡು.

ಲೋರ್ನಾ


ರೇವನ್‌ಗಿಲ್
5 ಜನವರಿ 1972

ಲೋರ್ನಾ ಮರಿ,

ತಡವಾಯಿತು. ಬಾರ್ನಿ ಕ್ರೇಗ್ ತೀರಿಕೊಂಡ. ಪತ್ರಿಕೆಯಲ್ಲಿ ಅಂಗೈಯಗಲದ ಸುದ್ದಿ ಹಾಕಿದ್ದರು. ಹದಿನಾಲ್ಕು ವರ್ಷ ಹಿಂದೆ ನಿಂತು ತಡೆಯುವ ಬ್ಯಾಕ್ ಆಗಿ ಆಡಿದ, ಮುನ್ನೂರೈವತ್ತು ಪಂದ್ಯ. ತಲೆಬರಹ ಮಾತ್ರ 'ಮಾರ್ಸ್‌ಡನ್‌ನ ಕಾಲು ಮುರಿದವನು ಇನ್ನಿಲ್ಲ' ಎಂದು.

ಹೋಗಿದ್ದೆ. ಎರಡು ಬಸ್ಸು ಬದಲಾಯಿಸಬೇಕು. ಶವಸಂಸ್ಕಾರಕ್ಕೆ ಚರ್ಚಿನಲ್ಲಿ ಹದಿನೈದು ಜನ ಇದ್ದರು. ನಾನು ಕುಂಟುತ್ತ ಒಳಗೆ ಹೋದಾಗ ಎಲ್ಲರೂ ತಿರುಗಿ ನೋಡಿದರು. ಒಬ್ಬ ಎದ್ದು ಜಾಗ ಬಿಟ್ಟುಕೊಟ್ಟ.

ಆಮೇಲೆ ಮನೆಗೆ ಕರೆದರು. ಅವನ ಹೆಂಡತಿ ಸಣ್ಣ ಹೆಂಗಸು. ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಬಂದ್ರಲ್ಲ, ಅದೇ ದೊಡ್ಡದು. ಕೊನೇವರೆಗೂ ಅವರಿಗೆ ಅದೇ ಕೊರಗು. 'ನಾನು ಚೆಂಡನ್ನೇ ಮುಟ್ಟಿದ್ದು ಅಂತ ನೆನಪು ಕಣೇ, ಆದ್ರೆ ಅವನ ಕಾಲು ಹೋಯ್ತಲ್ಲ' ಅಂತಿದ್ರು. ನಿಮ್ಮೂರಿಗೆ ಆಡೋಕೆ ಬಂದಾಗೆಲ್ಲ ಜನ ಉಗೀತಿದ್ರಂತೆ. ಅದಕ್ಕೂ, ನನಗೆ ಸಲ್ಲಬೇಕಾದ್ದೇ ಬಿಡು ಅನ್ನೋರು," ಅಂದರು.

ಹ್ಯಾಮ್ ಇಟ್ಟ ಬ್ರೆಡ್ಡು ಕೊಟ್ಟರು. ತಿಂದೆ. ಕೊನೆಯ ಬಸ್ಸಿಗೆ ಬಂದೆ.

ಕಾಲಿಗೆ ಚಳಿ ಹಿಡಿದಿದೆ. ರಜೆ ಮುಗಿದ ಮೇಲೆ ಫಲಕ ಹಿಡಿಯಲು ಬೇರೆಯವರು ಹೋಗುತ್ತಿದ್ದಾರೆ.

ಕ್ಲೈವ್‌ಗೆ ಬಿಸಿನೀರಿನ ಶಾಖ ಕೊಡು.

ಅಪ್ಪ


ಪೋರ್ಟ್ ಹ್ಯಾಲೆಟ್
6 ಫೆಬ್ರವರಿ 1972

ಪ್ರೀತಿಯ ಮಾವನವರಿಗೆ,

ನಾನು ಕಾಗದ ಬರೆಯುವವನಲ್ಲ, ನಿಮಗೇ ಗೊತ್ತು. ಆದರೂ ಬರೆಯುತ್ತಿರುವುದು ಏಕೆಂದರೆ ನಿಮ್ಮ ಮಗಳು ರಾತ್ರಿಯೆಲ್ಲ ಎದ್ದು ಕೂರುತ್ತಾಳೆ. ಕಣ್ಣ ಕೆಳಗೆ ಕಪ್ಪಾಗಿದೆ. ನೀವೊಂದು ಮಾತು ಬರೆದರೆ ಸಮಾಧಾನವಾದೀತು. ಆಟಗಾರರ ಕಾಲು ಹೇಗಿರುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರು ಹೇಳಿಯಾರು?

ಫೆಬ್ರವರಿ ಹತ್ತೊಂಬತ್ತಕ್ಕೆ ಕಪ್ ಪಂದ್ಯ, ಮೊದಲನೇ ಡಿವಿಷನ್ನಿನವರ ಮೇಲೆ. ಈ ಊರು ಇಂಥದ್ದನ್ನು ಕಂಡು ಮೂವತ್ತು ವರ್ಷವಾಯಿತಂತೆ. ನನ್ನನ್ನು ನೋಡಲು ಮೂರು ಕ್ಲಬ್ಬಿನವರು ಬರುತ್ತಾರೆ. ಇದೊಂದು ಆದರೆ ಲೋರ್ನಾ ಮತ್ತು ಮಗುವಿಗೆ ಸ್ವಂತ ಮನೆ ಆಗುತ್ತದೆ. ನನಗೆ ಇಪ್ಪತ್ತೇಳು. ಇನ್ನೊಂದು ಅವಕಾಶ ಬರುವುದಿಲ್ಲ.

ಭಯವಾದಾಗ ನಾನು ನಿಮ್ಮನ್ನು ನೆನೆಯುತ್ತೇನೆ. ಮೂಳೆ ಮುರಿದ ಕಾಲಿನಲ್ಲಿ ನೀವು ಗೋಲು ಹೊಡೆದಿರಿ. ನನ್ನದು ಬರೀ ಊತ.

ನಿಮ್ಮ ಅಳಿಯ
ಕ್ಲೈವ್


ಪೋರ್ಟ್ ಹ್ಯಾಲೆಟ್
ಗುರುವಾರ, 17 ಫೆಬ್ರವರಿ 1972

ಅಪ್ಪಾ,

ಬೆಳಗಿನ ಐದು ಗಂಟೆ. ಕಲ್ಲಿದ್ದಲು ಗಣಿಯವರ ಮುಷ್ಕರದಿಂದ ಕರೆಂಟಿಲ್ಲ, ಮೇಣದಬತ್ತಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಆರೂಕಾಲಿಗೆ ಬೀದಿಯ ತುದಿಯ ಪೆಟ್ಟಿಗೆಯಿಂದ ಟಪಾಲು ತೆಗೆಯುತ್ತಾರೆ. ಅದಕ್ಕೆ ಹಾಕಿದರೆ ನಾಳೆ ಶುಕ್ರವಾರ ನೀನು ಶಾಲೆಯಿಂದ ಬರುವಷ್ಟರಲ್ಲಿ ಕಾಗದ ಮೇಜಿನ ಮೇಲಿರುತ್ತದೆ. ತಂತಿ ಕಳಿಸಬಹುದಿತ್ತು. ಆದರೆ ಇದನ್ನು ಅಂಚೆ ಕಚೇರಿಯ ಹುಡುಗಿ ಓದಬಾರದು.

ಮಂಗಳವಾರ ಕ್ಲೈವ್‌ನನ್ನು ಊರಾಚೆಯ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕ್ಲಬ್ಬಿಗೆ ಸೇರದವರು, ಫುಟ್‌ಬಾಲ್ ನೋಡದವರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನಿಮ್ಮ ಅಪ್ಪನ ವಯಸ್ಸಿನವರ ಮೊಣಕಾಲು ಇದು," ಅಂದರು. ಮೂಳೆಗಳ ನಡುವೆ ಮೆತ್ತಗಿರಬೇಕಾದ್ದು ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಆರು ತಿಂಗಳು ಆಡದೆ ಇದ್ದು, ಶಸ್ತ್ರಚಿಕಿತ್ಸೆ ಮಾಡಿಸಿದರೆ ಉಳಿದೀತು. ನೋವೇ ಗೊತ್ತಾಗದ ಹಾಗೆ ಮಾಡಿಕೊಂಡು ಇನ್ನೊಂದು ಪಂದ್ಯ ಆಡಿದರೆ ಕಾಲು ಮಡಚುವುದೇ ನಿಲ್ಲಬಹುದು. ಹೀಗಂತ ಅವರು ಕ್ಲೈವ್‌ನ ಮುಖ ನೋಡಿಯೇ ಹೇಳಿದರು.

ಬಸ್ಸಿನಲ್ಲಿ ಕ್ಲೈವ್, "ಇವರಿಗೇನು ಗೊತ್ತು? ಮಾವ ಇದಕ್ಕಿಂತ ಕೆಟ್ಟ ಕಾಲಲ್ಲಿ ಆಡಿದ್ರು," ಅಂದ.

ಆಗ ನಾನು ಹೇಳಿಬಿಟ್ಟೆ. ನನಗೆ ಅನ್ನಿಸಿದ್ದನ್ನೆಲ್ಲ. ಬಾರ್ನಿ ಕ್ರೇಗ್ ನಿನ್ನ ಕಾಲು ಮುರಿಯಲಿಲ್ಲ, ಆ ಕೋಣೆಯಲ್ಲಿ ಅದು ಎಂದೋ ಮುರಿದಿತ್ತು ಎಂದು. ಬಸ್ಸಿನಲ್ಲಿ ಜನ ತಿರುಗಿ ನೋಡಿದರು. ಕ್ಲೈವ್ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಮೆತ್ತಗೆ, "ನನ್ನನ್ನ ತಡೀಬೇಕು ಅಂತ ಹೆತ್ತ ಅಪ್ಪನ ಹೆಸರನ್ನೇ ಮಣ್ಣುಪಾಲು ಮಾಡ್ತೀಯಾ?" ಅಂದ. ಅಂದಿನಿಂದ ಕೆಳಗಿನ ಕೋಣೆಯಲ್ಲಿ ಮಲಗುತ್ತಿದ್ದಾನೆ. ನನ್ನ ಜತೆ ಮಾತಿಲ್ಲ. ಮಗುವಿನ ಜತೆ ಮಾತಾಡಿ, ಅದು ನನಗೆ ಕೇಳಿಸುವ ಹಾಗೆ ನೋಡಿಕೊಳ್ಳುತ್ತಾನೆ.

ಅಪ್ಪಾ, ಬಾರ್ನಿ ಕ್ರೇಗ್‌ನ ಸಾವಿನ ಬಗ್ಗೆ ನೀನು ಬರೆದ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೋ. ಅವನು ಮುರಿದ ಎಂದು ನೀನು ಬರೆದಿಲ್ಲ. ಮುರಿಯಲಿಲ್ಲ ಎಂದೂ ಬರೆದಿಲ್ಲ. ಆ ಹೆಂಗಸು ನಿನ್ನ ಕೈ ಹಿಡಿದುಕೊಂಡು ನಿಂತಿದ್ದಾಗ ನೀನು ಏನೂ ಹೇಳಲಿಲ್ಲ, ಬ್ರೆಡ್ಡು ತಿಂದೆ. ಅಷ್ಟನ್ನು ನನಗೆ ಬರೆದೆಯಲ್ಲ. ಇನ್ಯಾರಿಗೂ ಹೇಳದ್ದನ್ನು ನನಗೆ ಅಷ್ಟರಮಟ್ಟಿಗೆ ಹೇಳಿದೆ ಎಂದೇ ನಾನು ತಿಳಿದುಕೊಂಡಿದ್ದೇನೆ. ತಪ್ಪಾಗಿದ್ದರೆ ಬೈದುಬಿಡು. ಬೈಯಲಿಕ್ಕಾದರೂ ಫೋನ್ ಮಾಡು.

ನಿನ್ನ ಮೇಲೆ ನನಗೆ ಕೋಪವಿಲ್ಲ. ಇತ್ತು, ಕ್ರಿಸ್ಮಸ್ ಹೊತ್ತಿಗೆ ತುಂಬ ಇತ್ತು. ಈಗ ಇಪ್ಪತ್ತೊಂಬತ್ತು ವರ್ಷದ ಒಬ್ಬ ಗಂಡಸು ಕಣ್ಣಿಗೆ ಬರುತ್ತಾನೆ. ಆಡಲಾಗದ ಕಾಲು, ಮೂರು ವರ್ಷದ ಮಗಳು, ಬೇರೆ ಕೆಲಸ ಗೊತ್ತಿಲ್ಲ. ಊರಿನವರೆಲ್ಲ ಸೇರಿ ಒಂದು ಕಥೆ ತಂದು ಕೊಡುತ್ತಾರೆ, ಅದರಲ್ಲಿ ಅವನು ಸೋತಿಲ್ಲ. ಬೇಡ ಅನ್ನುವುದು ಹೇಗೆ? ಆ ಕಥೆ ಇರುವುದರಿಂದಲೇ ಲಾರಿಯವನು ನಿನ್ನನ್ನು ಹೆಸರು ಹಿಡಿದು ಕೂಗುತ್ತಾನೆ, ಕ್ಲಬ್ಬಿನಲ್ಲಿ ಕುರ್ಚಿ ಎಳೆದು ಕೂರಿಸುತ್ತಾರೆ. ಅದು ಹೋದರೆ ನಿನಗೆ ಆ ಊರಿನಲ್ಲಿ ಉಳಿಯುವುದು ಏನು ಎಂದು ನಾನು ಯೋಚಿಸದೆ ಇಲ್ಲ. ನಮ್ಮನ್ನು ಯಾರೂ ಅರಿಯದ ಊರಿನಲ್ಲಿ ಇರುವುದು ಹೇಗಿರುತ್ತದೆ ಎಂದು ಎಂಟು ತಿಂಗಳಿಂದ ನೋಡುತ್ತಿದ್ದೇನೆ. ನಿನಗೆ ಅದನ್ನು ಬಯಸುತ್ತೇನೆಯೇ?

ಆದ್ದರಿಂದ ರೇವನ್‌ಗಿಲ್‌ಗೆ ಹೇಳಬೇಡ. ಎಡ್ನಾ ಅತ್ತೆಗೂ ಬೇಡ. ಪತ್ರಿಕೆಗೆ ಬೇಡ. ಕ್ರೇಗ್‌ನ ಹೆಂಡತಿಗೆ ಹೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು. ಕ್ಲೈವ್ ಒಬ್ಬನಿಗೆ ಹೇಳು. ನಾನು ಹೇಳಿದರೆ ಅದು ಹೆಂಡತಿಯ ಭಯ. ವೈದ್ಯರು ಹೇಳಿದರೆ ಅವರಿಗೆ ಆಟ ಗೊತ್ತಿಲ್ಲ. ವಿಲ್ಫ್ ಮಾರ್ಸ್‌ಡನ್ ಹೇಳಿದರೆ ಅವನು ಎದ್ದು ನಿಂತು ಕೇಳುತ್ತಾನೆ. ಬಾರ್ನಿ ಕ್ರೇಗ್ ಚೆಂಡನ್ನೇ ಮುಟ್ಟಿದ್ದ ಎಂದರೆ ಸಾಕು. ಉಳಿದದ್ದು ಅವನಿಗೇ ಅರ್ಥವಾಗುತ್ತದೆ. ಅವನು ದಡ್ಡನಲ್ಲ, ನಿನ್ನನ್ನು ನಂಬಿದ್ದಾನೆ ಅಷ್ಟೇ.

ಶನಿವಾರ ಎಂಟು ಗಂಟೆಗೆ ಕ್ಲಬ್ಬಿನ ಬಸ್ಸು ಬಂದು ಅವನನ್ನು ಕರೆದೊಯ್ಯುತ್ತದೆ. ಹೋಟೆಲಿನಲ್ಲಿ ತಿಂಡಿ, ಅಲ್ಲಿಂದ ನೇರ ಮೈದಾನ. ಆ ಬಸ್ಸು ಹತ್ತಿದ ಮೇಲೆ ಅವನು ನಮ್ಮ ಕೈಗೆ ಸಿಗುವುದಿಲ್ಲ. ಆಟಕ್ಕೆ ಅರ್ಧ ಗಂಟೆ ಮುಂಚೆ ಡಾಕ್ಟರ್ ಮೇಲಿನ ಕೋಣೆಗೆ ಹತ್ತುತ್ತಾನೆ.

ನಿನ್ನ ಮನೆಯಲ್ಲಿ ಫೋನಿಲ್ಲ ಎಂದು ಗೊತ್ತು. ಪ್ರಾರ್ಥನಾ ಮಂದಿರದ ಮೂಲೆಯ ಫೋನ್ ಬೂತಿಗೆ ಹೋಗು. ಮಂಜಿದ್ದರೆ ಕೋಲು ಹಿಡಿದುಕೊ. ಆಪರೇಟರಿಗೆ ಪೋರ್ಟ್ ಹ್ಯಾಲೆಟ್ 2417 ಅಂತ ಹೇಳು, ದುಡ್ಡು ಆ ಕಡೆಯವರು ಕೊಡುತ್ತಾರೆ ಅನ್ನು, ನಾನು ಒಪ್ಪಿಕೊಳ್ಳುತ್ತೇನೆ. ಶುಕ್ರವಾರ ರಾತ್ರಿ ಎಷ್ಟು ಹೊತ್ತಿಗಾದರೂ ಸರಿ. ಹತ್ತಕ್ಕೆ ಮನಸ್ಸು ಬಾರದಿದ್ದರೆ ಹನ್ನೆರಡಕ್ಕೆ ಮಾಡು, ಎರಡಕ್ಕೆ ಮಾಡು. ನಾನು ಮಲಗುವುದಿಲ್ಲ, ಹೇಗಿದ್ದರೂ ನಿದ್ದೆ ಇಲ್ಲವಲ್ಲ. ನಿನ್ನ ದನಿ ಕೇಳಿದ ಕೂಡಲೇ ಕ್ಲೈವ್‌ನನ್ನು ಎಬ್ಬಿಸಿ ಫೋನು ಅವನ ಕೈಗಿಟ್ಟು ಹಿಂದಿನ ಅಂಗಳಕ್ಕೆ ಹೋಗಿಬಿಡುತ್ತೇನೆ. ನೀನು ಅವನಿಗೆ ಹೇಳಿದ್ದು ನನ್ನ ಕಿವಿಗೆ ಬೀಳುವುದಿಲ್ಲ. ಮುಂದೆಂದೂ ಕೇಳುವುದೂ ಇಲ್ಲ, ರೂತ್‌ಳ ಮೇಲಾಣೆ.

ಮೇಣದಬತ್ತಿ ಮುಗಿಯುತ್ತ ಬಂತು, ಟಪಾಲಿಗೆ ಓಡಬೇಕು. ಈ ಕಾಗದಕ್ಕೆ ಕಾಗದದ ಉತ್ತರ ಬರೆಯಬೇಡ ಅಪ್ಪಾ, ಅದು ಸೋಮವಾರ ಬರುತ್ತದೆ. ಫೋನ್ ಮಾಡು. ಶನಿವಾರ ಬೆಳಗಾಗುವುದರೊಳಗೆ, ಆ ಬಸ್ಸು ನಮ್ಮ ಬಾಗಿಲಿಗೆ ಬರುವುದರೊಳಗೆ, ದಯವಿಟ್ಟು ಫೋನ್ ಮಾಡು.

ನಿನ್ನ ಮಗಳು
ಲೋರ್ನಾ